ಉಪ್ಪಿನ ಜವರ ಹುಡುಕಿದ ಕುದುರೆಹೊನ್ನಿ

ಹೂಂ ಅಂತಾ ಇರ್ಬೇಕು ಮಗ, ಹೂಂ ಅನ್ನೋದು ನಿಂತರೆ ಕತೆಯೂ ನಿಂತುಬಿಡುತ್ತೆ. ಕಾಲು ಒಳಗೆ ಎಳ್ಕೋ. ದುಪ್ಪಟಿ ಸರಿಯಾಗಿ ಹೊದ್ಕೋ. ಹಾಂ, ಕೇಳು.

ಒಂದಾನೊಂದು ಕಾಲ, ಅದು ಯಾವ ಕಾಲ ಅಂತ ನಮ್ಮಜ್ಜಿಗೂ ಗೊತ್ತಿರಲಿಲ್ಲ, ಆ ಕಾಲದಲ್ಲಿ ಬಿದಿರಳ್ಳಿ ಅಂತ ಒಂದು ಊರಿತ್ತಂತೆ. ಆ ಊರಾಚೆ ಹೊಂಗೆ ಮರದ ಪಕ್ಕದಲ್ಲಿ ಮೊರ ಬುಟ್ಟಿ ಹೆಣೆಯೋ ಗವಿಯಪ್ಪ ಅಂತ ಒಬ್ಬ ಇದ್ದನಂತೆ. ಹೆಂಡತಿ ತೀರಿಕೊಂಡಿದ್ದಳು, ಇದ್ದದ್ದು ಒಬ್ಬಳೇ ಮಗಳು, ಅವಳ ಹೆಸರು ಮೂಡ್ಲಿ. ಮೂಡ್ಲಿ ಕೈಗೆ ಬಿದಿರು ಕೊಟ್ಟರೆ ಸಾಕು, ಸೀಳಿ, ಸೀಳಿದ್ದನ್ನ ಹೆರೆದು, ಹೆರೆದದ್ದನ್ನ ಬಾಗಿಸಿ, ಮಾತಾಡ್ತಾ ಮಾತಾಡ್ತಾನೇ ಬುಟ್ಟಿ ಎಬ್ಬಿಸಿಬಿಡ್ತಿದ್ದಳಂತೆ. ಆದರೆ ಅವಳ ಮುಂದಿನ ಎರಡು ಹಲ್ಲು ಸ್ವಲ್ಪ ಉಬ್ಬು. ಸ್ವಲ್ಪ ಅಂದ್ರೆ ಸ್ವಲ್ಪವೇ ಮಗ, ನಿನ್ನ ಹಾಗೇ. ನೀನು ಊರೆಲ್ಲ ಕೇಳೋ ಹಾಗೆ ನಗ್ತೀಯ, ಅವಳು ನಗ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಯಾಕೆ ನಗ್ತಿರಲಿಲ್ಲ ಅಂದ್ರೆ, ಅವಳನ್ನ ನೋಡೋಕೆ ಮೂರು ಸಲ ಗಂಡಿನ ಕಡೆಯೋರು ಬಂದಿದ್ದರಂತೆ. ಮೊದಲನೆಯೋರು ಬಂದರು, ಒಬ್ಬಟ್ಟು ತಿಂದರು, ಹೇಳಿಕಳಿಸ್ತೀವಿ ಅಂದರು, ಹೇಳಿಕಳಿಸಲಿಲ್ಲ. ಎರಡನೆಯೋರು ಬಂದರು, ಹುಡುಗೀನ ನೋಡಿದರು, ಆಮೇಲೆ ಮೂಲೇಲಿದ್ದ ಮೊರ ನೋಡಿದರು, ಮೊರ ಬಹಳ ಚೆನ್ನಾಗಿದೆ ಅಂತ ಹೇಳಿ ಎರಡು ಮೊರ ತಗೊಂಡು ಹೋದರು. ಮೂರನೆಯೋರು ಹೊಸಲು ದಾಟಲೇ ಇಲ್ಲ, ಎತ್ತು ಕಟ್ಟಿ ಬರ್ತೀವಿ ಅಂತ ಹೋದೋರು, ಎಲ್ಲಿ ಕಟ್ಟಿದರೋ ಏನೋ, ಇವತ್ತಿಗೂ ಬಂದಿಲ್ಲ.

ಅಲ್ಲಿಂದೀಚೆಗೆ ಮೂಡ್ಲಿ ಬಾಯಿಗೆ ಸೆರಗು ಅಡ್ಡ ಇಟ್ಕೊಂಡೇ ಮಾತಾಡೋಳಂತೆ. ಏನು ಹೇಳಬೇಕಾದರೂ ನನ್ನಂಥೋಳು ಅಂತ ಶುರು ಮಾಡೋಳು. ನನ್ನಂಥೋಳಿಗೆ ಹೊಸ ಸೀರೆ ಯಾಕಪ್ಪ, ನನ್ನಂಥೋಳು ಮದುವೆ ಮನೇಲಿ ಮುಂದೆ ಕೂರೋದಾ ಅಂತ. ಗವಿಯಪ್ಪ ಮೊದಮೊದಲು ಬೈದ, ಆಮೇಲೆ ಬೈಯೋದೂ ಬಿಟ್ಟ.

ಆದರೆ ಒಂದು ಹೊತ್ತು ಮಾತ್ರ ಅವಳು ಬೇರೆ ಆಗಿಬಿಡ್ತಿದ್ದಳು. ಮಧ್ಯಾಹ್ನ ಊಟ ಆದ ಮೇಲೆ ಊರಿನ ಹೆಣ್ಣುಮಕ್ಕಳೆಲ್ಲ ಮುರಿದ ಮೊರ, ಹರಿದ ಬುಟ್ಟಿ ಹಿಡ್ಕೊಂಡು ಬಂದು ಅವಳ ಸುತ್ತ ಕೂತ್ಕೊಳ್ಳೋರು, ಕತೆ ಹೇಳೇ ಮೂಡ್ಲಿ ಅನ್ನೋರು. ಬಿಸಿಲಿಗೆ ಅಡ್ಡವಾಗಿ ಬಿದಿರ ತಟ್ಟಿ ನಿಲ್ಲಿಸ್ಕೊಂಡು, ಕಣ್ಣು ಮಾತ್ರ ಕೈಕೆಲಸದ ಮೇಲಿಟ್ಟು, ಅವಳು ಕುದುರೆಹೊನ್ನಿ ಕತೆ ಹೇಳೋಳು.

ಕುದುರೆಹೊನ್ನಿ ಯಾರು ಅಂತೀಯಾ? ಅವಳು ಒಬ್ಬಳು ಹುಡುಗಿ, ಬಿಳೀ ಕುದುರೆ ಮೇಲೆ ಓಡಾಡ್ತಾಳೆ, ಯಾರಿಗೂ ಹೆದರಲ್ಲ. ಒಂದು ಊರಲ್ಲಿ ಪಾಳೇಗಾರ, ನನ್ನ ಮನೆ ಮುಂದೆ ಯಾರೂ ತಲೆ ಎತ್ತಿ ಹೋಗಬಾರದು ಅಂತ ಕಟ್ಟಪ್ಪಣೆ ಮಾಡಿದ್ದನಂತೆ. ಇವಳು ಕುದುರೆ ಮೇಲೆ ಕಾಲು ಮೇಲೆ ತಲೆ ಕೆಳಗೆ ಮಾಡ್ಕೊಂಡು ಹೋದಳಂತೆ, ತಗ್ಗಿಸಿದ್ದೀನಿ ನೋಡ್ಕೋ ಅಂತ. ಹುಲಿ ಎದುರಿಗೆ ಬಂದ್ರೆ, ಮೈಮೇಲೆ ಇಷ್ಟು ಬರೆ ಎಳಿಸ್ಕೊಂಡಿದ್ದೀಯ, ಇನ್ನೂ ಬುದ್ಧಿ ಬರಲಿಲ್ವಾ ಅಂತ ಬೈದಳಂತೆ, ಹುಲಿ ನಾಚ್ಕೊಂಡು ಹೋಯ್ತಂತೆ. ಇದನ್ನೆಲ್ಲ ಮೂಡ್ಲಿಯೇ ಮನಸ್ಸಲ್ಲಿ ಕಟ್ಟಿದ್ದು. ತನ್ನ ಕೈಲಿ ಆಗದ್ದನ್ನೆಲ್ಲ ಹೊನ್ನಿ ಕೈಲಿ ಮಾಡಿಸೋಳು, ತನ್ನ ಬಾಯಲ್ಲಿ ಬರದ ಮಾತನ್ನೆಲ್ಲ ಹೊನ್ನಿ ಬಾಯಲ್ಲಿ ಆಡಿಸೋಳು. ಆದರೆ ಕೇಳೋರಿಗೆ ಅದು ಕಟ್ಟಿದ್ದು ಅಂತ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

ಹೀಗಿರುವಾಗ ಒಂದಿನ ಉಪ್ಪು ಮಾರೋ ಜವರ ಅನ್ನೋನು ಗಾಡಿ ಹೊಡ್ಕೊಂಡು ಬಂದನಂತೆ. ಎತ್ತಿಗೆ ನೀರು ಕುಡಿಸೋಣ ಅಂತ ಹೊಂಗೆ ಮರದ ಕೆಳಗೆ ನಿಲ್ಲಿಸಿದ. ತಟ್ಟಿ ಹಿಂದಿನಿಂದ ಒಂದು ದನಿ ಬಂತು. ಅವನು ಕೇಳ್ತಾ ನಿಂತ, ಎತ್ತು ನೀರು ಕುಡಿದು ಮುಗಿಸಿ ಅವನ ಮುಖಾನೇ ನೋಡ್ತಾ ನಿಂತ್ಕೊಂಡವಂತೆ, ಅವನು ಕದಲಲೇ ಇಲ್ಲ. ಮುಂದಿನ ವಾರವೂ ಬಂದ, ಅದರ ಮುಂದಿನ ವಾರವೂ ಬಂದ. ನಗೋ ಕಡೆ ನಗ್ತಿದ್ದ, ಸುಮ್ಮನಿರೋ ಕಡೆ ಸುಮ್ಮನಿರ್ತಿದ್ದ. ತಟ್ಟಿ ಸಂದೀಲಿ ಮೂಡ್ಲಿ ಅವನನ್ನ ನೋಡಿದಳು, ನೋಡಬಾರದಿತ್ತು, ನೋಡಿಬಿಟ್ಟಳು. ಆಮೇಲೆ ವಾರದ ಏಳು ದಿನದಲ್ಲಿ ಆರು ದಿನ ಯಾಕಿವೆ ಅಂತ ಅವಳಿಗೆ ಅರ್ಥವೇ ಆಗ್ತಿರಲಿಲ್ಲವಂತೆ.

ಮೂರನೇ ವಾರ ಕತೆ ಮುಗಿದ ಮೇಲೆ ಜವರ ತಟ್ಟಿ ಹತ್ತಿರ ಬಂದು, ಅಮ್ಮಣ್ಣಿ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ ಅಂದ. ಮೂಡ್ಲಿ ಕೈಲಿದ್ದ ಬಿದಿರು ಕೆಳಗಿಟ್ಟಳು. ಕೇಳು ಅಂದಳು. ಅವನು ಕೇಳಿದ್ದೇನು ಗೊತ್ತಾ? ಆ ಕುದುರೆಹೊನ್ನಿ ಯಾವ ಊರಲ್ಲಿರ್ತಾಳೆ? ನಾನು ಅವಳನ್ನ ನೋಡಬೇಕು, ಅವಳು ಒಪ್ಪಿದರೆ ಮದುವೆ ಆಗಬೇಕು, ಅವಳಂಥೋಳನ್ನ ನಾನು ಕೇಳಿಯೇ ಇರಲಿಲ್ಲ ಅಂದನಂತೆ.

ಮೂಡ್ಲಿ ತಲೇಲೇ ಲೆಕ್ಕ ಹಾಕಿದಳು. ಅವಳಿಲ್ಲ, ಅವಳನ್ನ ನಾನೇ ಕಟ್ಟಿದ್ದು ಅನ್ನೋಣ ಅಂದ್ರೆ, ಇಂಥ ಸುಳ್ಳು ಹೇಳ್ಕೊಂಡು ಕೂರೋ ಹಲ್ಲುಬ್ಬಿ ಅಂತ ಇವನು ಗಾಡಿ ತಿರುಗಿಸಿಬಿಟ್ಟರೆ? ಹಾಗಂತ ಯೋಚನೆ ಮಾಡ್ತಿರುವಾಗಲೇ ಅವಳ ಬಾಯಿ, ಹೊಳೆಯಾಚೆ ಹಾಲುಗೊಂದಿ ಅಂತ ಊರಿದೆ, ಅಲ್ಲಿರ್ತಾಳೆ ಅಂದುಬಿಡ್ತಂತೆ.

ಜವರ ಹೋದ. ಇವಳು ಎಂಟು ದಿನ ಸರಿಯಾಗಿ ಊಟವೂ ಸೇರದೆ ಕಾದಳು. ಈಗ ಬಂದು ಬೈತಾನೆ, ಅಂಥೋಳು ಯಾರೂ ಇಲ್ಲ ಅಂತಾನೆ, ಅಲ್ಲಿಗೆ ಮುಗೀತು ಅಂದ್ಕೊಂಡಿದ್ದಳು. ಅವನು ಬಂದ, ಬೈಯಲಿಲ್ಲ. ಹಾಲುಗೊಂದೀಲಿ ಕೇಳಿದೆ ಅಮ್ಮಣ್ಣಿ, ಅಲ್ಲಿದ್ದದ್ದು ನಿಜವಂತೆ, ಹುಲೀನ ಬೈದದ್ದು ಅವರ ಹುಣಸೆ ತೋಪಿನಲ್ಲೇ ಅಂತೆ, ಆದರೆ ಮೊನ್ನೆ ತಾನೇ ಕಲ್ಲುಕೋಟೆ ಕಡೆಗೆ ಹೋದಳಂತೆ ಅಂದ.

ಮೂಡ್ಲಿ ಕೈಲಿದ್ದ ಕತ್ತಿ ಕೆಳಗೆ ಬಿತ್ತು.

ಏನು ಮಗ? ಹಾಗಾದರೆ ಹೊನ್ನಿ ನಿಜವಾಗಲೂ ಇದ್ದಳಾ ಅಂತೀಯಾ? ನೀನು ಜಾಣೆ, ನಿನಗೆ ಹೇಳ್ತೀನಿ. ಬಿದಿರಳ್ಳೀಲಿ ಕತೆ ಕೇಳಿದ ಹುಡುಗಿಯರೆಲ್ಲ ಅಲ್ಲೇ ಕೂತಿರ್ತಾರಾ? ಒಬ್ಬಳನ್ನ ಹಾಲುಗೊಂದಿಗೆ ಕೊಟ್ಟಿದ್ದರು, ಒಬ್ಬಳನ್ನ ಕಲ್ಲುಕೋಟೆಗೆ. ಅವರು ಅತ್ತೆ ಮನೇಲಿ ರಾಗಿ ಬೀಸ್ತಾ ಹೊನ್ನಿ ಕತೆ ಹೇಳಿದರು, ಕೇಳಿದೋರು ಇನ್ನೊಬ್ಬರಿಗೆ ಹೇಳಿದರು, ಹುಲಿ ಬಂದದ್ದು ನಮ್ಮ ತೋಪಿಗೇ ಅಂದರು. ಆದರೆ ಇದು ನಿನಗೆ ಗೊತ್ತು, ನನಗೆ ಗೊತ್ತು, ಪಾಪ ಮೂಡ್ಲಿಗೆ ಗೊತ್ತಿರಲಿಲ್ಲ.

ಹಾಗಾದರೆ ಕಲ್ಲುಕೋಟೆಗೆ ಹೋಗಿ ನೋಡು ಅಂದಳು. ಇನ್ನೇನು ಅಂತಾಳೆ? ಎರಡನೇ ಸಲ ಅವನು ಹೋದವನು ತಿಂಗಳಾದರೂ ಬರಲಿಲ್ಲ. ಬಂದಾಗ ಗಾಡಿಯ ಅಚ್ಚು ಮುರಿದಿತ್ತು, ಅವನ ಕೆನ್ನೆ ಒಳಗೆ ಹೋಗಿತ್ತು, ಕಣ್ಣು ಮಾತ್ರ ಹೊಳೀತಿತ್ತು. ಅಮ್ಮಣ್ಣಿ, ಬಂಡೆ ಮೇಲೆ ಅವಳ ಕುದುರೆ ಗೊರಸಿನ ಗುರುತು ನೋಡಿ ಬಂದೆ, ಈ ಬಂಡೆಯಿಂದ ಆ ಬಂಡೆಗೆ ಹಾರಿಸಿದಳಂತೆ, ಬೆರಳಿಟ್ಟು ನೋಡಿದೆ, ಬೆರಳು ಪೂರ್ತಿ ಇಳೀತು. ಈಗ ಅವಳು ಮುಳ್ಳೂರಿಗೆ ಹೋಗಿದ್ದಾಳಂತೆ ಅಂದ.

ಬಂಡೆ ಹಾರಿಸಿದ ಕತೆಯನ್ನ ಮೂಡ್ಲಿ ಯಾವತ್ತೂ ಹೇಳಿರಲಿಲ್ಲ ಮಗ.

ಅವತ್ತಿಂದ ಅವಳ ತಲೆ ಕೆಟ್ಟು ಗೊಬ್ಬರ ಆಯ್ತಂತೆ. ಬುಟ್ಟಿ ಹೆಣೆಯೋಕೆ ಕೂತರೆ ಮೊರ ಆಗೋದು. ಅವಳನ್ನ ನಾನು ಕಟ್ಟಿದೆ ಅಂದ್ಕೊಂಡಿದ್ದೆ, ಅವಳು ಮೊದಲೇ ಇದ್ದಳೋ ಏನೋ, ನನಗೆ ಕನಸಲ್ಲಿ ಬಂದಿದ್ದಳೋ ಏನೋ ಅಂತ ಒಂದು ಸಲ ಅನ್ನಿಸೋದು. ಇದ್ದರೆ ಇರಲಿ, ನನಗೇನು ಅಂತ ಇನ್ನೊಂದು ಸಲ. ನಾನು ಒಲೆ ಮುಂದೆ ಕೂತಿರೋವಾಗ ಅವಳು ಬಂಡೆಯಿಂದ ಬಂಡೆಗೆ ಹಾರಿಸ್ತಾಳಲ್ಲ, ಇವನು ಬೆರಳಿಟ್ಟು ನೋಡಿ ಬರ್ತಾನಲ್ಲ ಅಂತ ಮತ್ತೊಂದು ಸಲ. ತಾನೇ ಹೆತ್ತದ್ದರ ಮೇಲೆ ತನಗೇ ಹೊಟ್ಟೆಕಿಚ್ಚು. ಮಧ್ಯಾಹ್ನ ಹೆಣ್ಣುಮಕ್ಕಳು ಬಂದು ಕತೆ ಹೇಳು ಅಂದರೆ, ಯಾರದ್ದೋ ಮನೆ ಸಮಾಚಾರ ನಾನ್ಯಾಕೆ ಹೇಳಲಿ, ಹೋಗ್ರೇ ಅನ್ನೋಳಂತೆ.

ಜವರ ಅಚ್ಚು ಹಾಕಿಸ್ಕೊಂಡು ಮುಳ್ಳೂರಿಗೆ ಹೊರಟು ನಿಂತಾಗ, ಮೂಡ್ಲಿ ಅಪ್ಪನ ಹತ್ತಿರ ಹೋಗಿ, ಅಪ್ಪ, ಮುಳ್ಳೂರಲ್ಲಿ ಬುಟ್ಟಿ ಚೆನ್ನಾಗಿ ಹೋಗುತ್ತಂತೆ, ನಾವೂ ಈ ಗಾಡೀಲೇ ಹೋಗಿಬರೋಣ ಅಂದಳು. ಮಗಳು ಹೊಸಲು ದಾಟ್ತೀನಿ ಅಂದದ್ದೇ ಸಾಕು ಅಂತ ಗವಿಯಪ್ಪ ಬುಟ್ಟಿಯೆಲ್ಲ ಗಾಡಿಗೇರಿಸಿ, ಉಪ್ಪಿನ ಚೀಲಕ್ಕೆ ಒರಗಿ ಕೂತು, ಊರು ದಾಟೋದರೊಳಗೆ ಗೊರಕೆ ಹೊಡೆದನಂತೆ.

ದಾರೀಲಿ ಜವರ ಕೇಳಿದ, ಅಮ್ಮಣ್ಣಿ, ಅವಳು ಸಿಕ್ಕಿದರೆ ಏನು ಮಾತಾಡಲಿ? ನನ್ನಂಥ ಉಪ್ಪು ಮಾರೋನ ಹತ್ತಿರ ಅವಳು ಮಾತಾಡ್ತಾಳಾ? ಮೂಡ್ಲಿ ಅವನ ಕಡೆ ತಿರುಗಿ ನೋಡಿದಳು. ಇವನೂ ನನ್ನಂಥ ಅಂತಾನಲ್ಲ ಅಂತ ಅವಳಿಗೆ ಸೋಜಿಗ ಆಯ್ತು. ಮಾತಾಡ್ತಾಳೆ ಅಂದಳು, ಅಷ್ಟೇ.

ಮುಳ್ಳೂರು ಮುಟ್ಟಿದರೆ ಅಲ್ಲಿ ಬೇರೆಯೇ ಗೋಳು. ಆ ಊರಿಗೆ ಇದ್ದದ್ದು ಒಂದೇ ಸಿಹಿನೀರ ಬಾವಿ, ಸುತ್ತ ಗೋಡೆ, ಗೋಡೆಗೊಂದು ಬಾಗಿಲು. ಪಟೇಲನ ಸೊಸೆ ನೀರು ಸೇದೋಕೆ ಬಗ್ಗಿದಾಗ ಅವಳ ಕಿವಿಯ ವಜ್ರದ ಓಲೆ ಬಾವಿಗೆ ಬಿತ್ತಂತೆ. ಪಟೇಲನಿಗೆ ಯಾರ ಮೇಲೂ ನಂಬಿಕೆ ಇಲ್ಲ. ಬಾವಿಗೆ ಇಳಿದೋನು ಓಲೆ ಬಾಯಲ್ಲಿ ಇಟ್ಕೊಂಡು ಸಿಗಲಿಲ್ಲ ಅಂತಾನೆ, ಸೇದಿದೋಳು ಕೊಡದೊಳಗೆ ಇಟ್ಕೊಂಡು ಹೋಗ್ತಾಳೆ ಅಂತ ಹೇಳಿ ಬಾಗಿಲಿಗೆ ಬೀಗ ಜಡಿದುಬಿಟ್ಟಿದ್ದ. ಮೂರು ದಿನ ಆಗಿತ್ತು. ಹೆಂಗಸರು ಖಾಲಿ ಕೊಡ ಇಟ್ಕೊಂಡು ಗೋಡೆ ನೆರಳಲ್ಲಿ ಕೂತಿದ್ದರು.

ಗಾಡಿ ಕಂಡಿದ್ದೇ ತಡ ಎಲ್ಲರೂ ಎದ್ದು ನಿಂತರಂತೆ. ಯಾಕೆ ಅಂದ್ರೆ ಉಪ್ಪಿನೋನೊಬ್ಬ ಊರೂರು ಸುತ್ತಿ ಕುದುರೆಹೊನ್ನೀನ ಹುಡುಕ್ತಿದ್ದಾನೆ ಅನ್ನೋ ಸುದ್ದಿ ಮೊದಲೇ ಬಂದಿತ್ತು, ಬರ್ತಾ ಬರ್ತಾ ಅದು, ಉಪ್ಪಿನೋನು ಹೊನ್ನೀನ ಕರ್ಕೊಂಡು ಬರ್ತಿದ್ದಾನೆ ಅಂತ ಆಗಿತ್ತು. ಗಾಡಿಯಲ್ಲಿ ಬುಟ್ಟಿಗಳ ಹಿಂದೆ ಒಬ್ಬಳು ಹೆಣ್ಣು ಬೇರೆ ಕೂತಿದ್ದಾಳೆ. ಬಂದಳು, ಹೊನ್ನಿ ಬಂದಳು, ಇನ್ನು ಪಟೇಲನಿಗೆ ಸರಿಯಾಗಿ ಮಾಡ್ತಾಳೆ ಅಂತ ಎಲ್ಲರೂ ಸುತ್ತುಗಟ್ಟಿದರು.

ಮೂಡ್ಲಿ ಇಳಿದಳು. ಅವರು ನೋಡಿದರು. ಕುದುರೆ ಎಲ್ಲಿ ಅಂದಳು ಒಬ್ಬಳು. ಇವಳಾ ಅಂದಳು ಇನ್ನೊಬ್ಬಳು. ಮೂಡ್ಲಿ ಸೆರಗು ಬಾಯಿಗೆ ಹಿಡ್ಕೊಂಡು, ನಾನಲ್ಲ ತಾಯಿ, ನಾನು ಬುಟ್ಟಿ ಹೆಣೆಯೋಳು ಅಂದಳು. ಅವರಿಗೆ ಸಿಟ್ಟೂ ಬರಲಿಲ್ಲ, ಸುಮ್ಮನೆ ಹೋಗಿ ಮತ್ತೆ ನೆರಳಲ್ಲಿ ಕೂತರಂತೆ. ಒಂದು ಸಣ್ಣ ಹೆಣ್ಣುಮಗು ಮಾತ್ರ ಅಲ್ಲೇ ನಿಂತಿತ್ತು, ಅದರ ತುಟಿ ಒಣಗಿ ಬಿರುಕು ಬಿಟ್ಟಿತ್ತು. ಅದು ಕೇಳ್ತು, ಅಕ್ಕ, ಹಾಗಾದರೆ ಹೊನ್ನಕ್ಕ ಯಾವಾಗ ಬರ್ತಾಳೆ?

ಆ ಊರಲ್ಲಿ ಅಷ್ಟು ಜನ ಇದ್ದರಲ್ಲ ಮಗ, ಹೊನ್ನಿ ಬರಲ್ಲ ಅನ್ನೋದು ಗೊತ್ತಿದ್ದದ್ದು ಮೂಡ್ಲಿ ಒಬ್ಬಳಿಗೇ. ತಲೇಲಿ ಎಷ್ಟೇ ಗೋಜಲಿದ್ದರೂ ಆ ಒಂದು ಮಾತು ಅವಳಿಗೆ ಖಚಿತವಾಗಿ ಗೊತ್ತಾಯ್ತು. ಯಾರೂ ಬರಲ್ಲ.

ಅವಳು ಗಾಡಿಯಿಂದ ಒಂದು ಬುಟ್ಟಿ ತಗೊಂಡು ಪಟೇಲನ ಮನೆ ಮುಂದೆ ಹೋಗಿ ನಿಂತಳು. ಹೊನ್ನಿ ಆಗಿದ್ದರೆ ಪಟೇಲನ ಜಗಲಿಗೇ ಕುದುರೆ ಹತ್ತಿಸೋಳು. ಇವಳು ಬಾಯಿ ತೆರೆದರೆ ಮಾತಿನ ಬದಲು ಅಳು ಬಂತು. ಪಟೇಲ ಯಾರೇ ನೀನು, ಹೋಗಾಚೆ ಅಂದ. ಇವಳು ಅಳ್ತಾ ಅಳ್ತಾನೇ ಹೇಳಿದಳು, ಬುದ್ಧಿ, ನಿಮ್ಮ ಓಲೆ ನಾನು ಹುಡುಕಿಕೊಡ್ತೀನಿ. ನೀವು ಮೇಲೆ ಕೂತು ನೋಡ್ತಾ ಇರಿ, ತೆಗೆದ ಕೆಸರನ್ನೆಲ್ಲ ನಿಮ್ಮ ಕಾಲ ಬುಡದಲ್ಲೇ ಸುರೀತಾರೆ. ನನ್ನ ಬುಟ್ಟೀಲಿ ನೀರು ಸೋರುತ್ತೆ, ಓಲೆ ಸೋರಲ್ಲ. ಆದರೆ ನೀರು ಇಳಿಯದೆ ಕೆಸರು ಕೈಗೆ ಸಿಗಲ್ಲ, ಈ ಹೆಂಗಸರೆಲ್ಲ ಮೊದಲು ಸೇದಬೇಕು.

ಪಟೇಲ ಯೋಚನೆ ಮಾಡಿದ. ಓಲೆಯ ಆಸೆ, ಬೀಗ ತೆಗೆದ. ಒಂದೊಂದು ಕೊಡವೂ ತನ್ನ ಕಣ್ಣ ಮುಂದೆ ಸೋಸಿಸಿ ನೋಡಿದ. ಹೆಂಗಸರು ಸೇದಿದರು, ಕೊಡ ತುಂಬಿಸಿದರು, ಕಡಾಯಿ ತುಂಬಿಸಿದರು, ಕೊನೆಗೆ ಬಾಣಲೆ ತಂದರು. ನೀರು ಸೊಂಟದ ಮಟ್ಟಕ್ಕೆ ಇಳಿದ ಮೇಲೆ ಮೂಡ್ಲಿ ಸೊಂಟಕ್ಕೆ ಹಗ್ಗ ಕಟ್ಕೊಂಡು ಇಳಿದಳು. ಆ ಹಗ್ಗದ ತುದೀನ ಜವರ ಹಿಡಿದಿದ್ದ, ಇನ್ನೊಂದು ಹಗ್ಗದಲ್ಲಿ ಬುಟ್ಟಿ.

ಮೊದಲನೇ ಬುಟ್ಟಿ ಬಂತು, ಬರೀ ಕೆಸರು. ಎರಡನೇ ಬುಟ್ಟಿ ಬಂತು, ಒಂದು ಕಪ್ಪೆ, ಎರಡು ಹಳೇ ಬಳೆಚೂರು. ಪಟೇಲನಿಗೆ ಅನುಮಾನ ಬಂತು, ಓಲೆ ಸಿಕ್ಕಿರಬೇಕು, ಇವಳು ಸೆರಗಲ್ಲಿ ಕಟ್ಕೊಂಡಿರಬೇಕು ಅಂತ. ಸಾಕು, ಮೇಲೆ ಬಾ, ಬೀಗ ಹಾಕ್ತೀನಿ ಅಂದ.

ಆಗ ಬಾವಿ ಒಳಗಿಂದ ಒಂದು ದನಿ ಬಂತಂತೆ. ನಾನು ಬರಲ್ಲ. ಬೀಗ ಹಾಕ್ಕೊಳ್ಳೋದಾದರೆ ನನ್ನನ್ನ ಒಳಗಿಟ್ಟೇ ಹಾಕ್ಕೊಳ್ಳಿ.

ಬಾವಿ ಅಲ್ವಾ, ದನಿ ಗುಯ್ ಅಂತ ಊರಿಗೆಲ್ಲ ಕೇಳಿಸ್ತು. ಎರಡೂ ಕೈಲಿ ಬುಟ್ಟಿ ಹಿಡಿದಿದ್ದಳು, ಬಾಯಿಗೆ ಸೆರಗು ಹಿಡಿಯೋಕೆ ಕೈ ಎಲ್ಲಿತ್ತು? ಮೂಡ್ಲಿ ತಾನೇ ಬೆಚ್ಚಿಬಿದ್ದು ಮೇಲೆ ನೋಡಿದಳಂತೆ. ಇದನ್ನ ಹೇಳಿದ್ದು ನಾನಾ, ಹೊನ್ನಿಯಾ? ನನ್ನ ಗಂಟಲು ನೋಯ್ತಿದೆ, ಅಂದ್ರೆ ನಾನೇ ಇರಬೇಕು ಅಂದ್ಕೊಂಡಳಂತೆ.

ಮೇಲೆ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ಬಾವಿ ಕಟ್ಟೆ ಸುತ್ತ ಕೂತುಬಿಟ್ಟರು. ಅಷ್ಟು ಜನರನ್ನ ಒಳಗಿಟ್ಟು ಪಟೇಲ ಎಲ್ಲಿ ಬೀಗ ಹಾಕ್ತಾನೆ? ಮೂರನೇ ಬುಟ್ಟಿ ಮೇಲೆ ಬಂತು. ಸುರಿದರು. ಕೆಸರಿನ ನಡುವೆ ಓಲೆ ಮಿಣಕ್ ಅಂತು. ಪಟೇಲ ಅದನ್ನ ಎತ್ಕೊಂಡು ಪಂಚೆಗೆ ಒರೆಸ್ಕೊಂಡು ಯಾರ ಮುಖವೂ ನೋಡದೆ ಮನೆಗೆ ಹೋದನಂತೆ. ಬೀಗ ಮತ್ತೆ ಹಾಕಲಿಲ್ಲ.

ಜವರ ಹಗ್ಗ ಎಳೆದ. ಅವನ ಅಂಗೈಯೆಲ್ಲ ಸುಲಿದುಹೋಗಿತ್ತು. ಮೂಡ್ಲಿ ಕೆಸರ ಮುದ್ದೆಯಾಗಿ ಮೇಲೆ ಬಂದಳು. ಹೆಂಗಸರು ಕಾಲು ತೊಳೆದರು, ಹೊನ್ನಿ ಬಂದೇ ಬಂದಳಲ್ಲ ಅಂದರು. ಅಲ್ಲ ತಾಯಿ, ನಾನು ಗವಿಯಪ್ಪನ ಮಗಳು ಮೂಡ್ಲಿ ಅಂದಳು ಇವಳು. ಅವರು ಹೂಂ ಹೂಂ ಅಂದರು, ಅಂದು ಮತ್ತೆ, ಹೊನ್ನಕ್ಕ, ಮುದ್ದೆ ತಿಂದು ಹೋಗು ಅಂದರಂತೆ.

ವಾಪಸ್ ಬರ್ತಾ ದಾರೀಲಿ ಮೂಡ್ಲಿ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಳು. ಹೊನ್ನಿ ಇಲ್ಲ, ಅವಳನ್ನ ನಾನೇ ಕಟ್ಟಿದೆ, ನೀನು ಗಾಡಿ ನಿಲ್ಲಿಸದೆ ಹೋಗಿಬಿಡ್ತೀಯ ಅಂತ ಸುಳ್ಳು ಹೇಳಿದೆ ಅಂದಳು. ಜವರ ಎತ್ತು ಹೊಡೀತಾನೇ ಇದ್ದ. ಬಹಳ ದೂರ ಬಂದ ಮೇಲೆ, ಹಾಗಾದರೆ ಇಷ್ಟು ದಿನ ನಾನು ಹುಡುಕಿದ್ದು ಯಾರನ್ನ ಅಂದ. ಅವಳನ್ನ ಕೇಳಿದ್ದಲ್ಲ, ಎತ್ತನ್ನ ಕೇಳಿದ ಹಾಗಿತ್ತು. ಅಪ್ಪನನ್ನೂ ಮಗಳನ್ನೂ ಮನೆ ಮುಂದೆ ಇಳಿಸಿ ಹೊರಟುಹೋದ.

ಒಂದು ವಾರ ಬರಲಿಲ್ಲ, ಎರಡು ವಾರ ಬರಲಿಲ್ಲ, ಮೂರು ವಾರ ಬರಲಿಲ್ಲ. ಮೂಡ್ಲಿ ಅತ್ತಳು, ಸುಮ್ಮನಾದಳು, ಮತ್ತೆ ಬುಟ್ಟಿ ಹೆಣೆಯೋಕೆ ಕೂತಳು. ನಾಲ್ಕನೇ ವಾರ ಗಾಡಿ ಬಂತು. ಅದರಲ್ಲಿ ಜವರ ಇದ್ದ, ಜವರನ ತಾಯಿ ಇದ್ದಳು, ತಾಯಿ ತೊಡೆ ಮೇಲೆ ತಟ್ಟೆ, ತಟ್ಟೇಲಿ ವೀಳ್ಯದೆಲೆ ಅಡಿಕೆ. ಗವಿಯಪ್ಪ ಕೂರಿಸೋದೋ ನಿಲ್ಲಿಸೋದೋ ತಿಳೀದೆ ಒಳಗೂ ಹೊರಗೂ ಓಡಾಡಿದನಂತೆ. ಅವರ ಕುಲ ಯಾವುದು ಇವರ ಕುಲ ಯಾವುದು ಅಂತ ಕೇಳಬೇಡ ಮಗ, ಉಪ್ಪಿಗೂ ಬುಟ್ಟಿಗೂ ಎಂಥ ಕುಲ.

ಮೂಡ್ಲಿ ತಟ್ಟಿ ಹಿಂದೆ ನಿಂತು, ಬೇಡ ಅಂದುಬಿಟ್ಟಳು. ಜವರ ತಟ್ಟಿ ಹತ್ತಿರ ಬಂದು, ಯಾಕೆ ಅಂದ.

ನಿನಗೆ ಬೇಕಾದೋಳು ಅವಳು, ನಾನಲ್ಲ. ದಿನಾ ಬೆಳಗಾದರೆ ಅವಳನ್ನ ಎಲ್ಲಿಂದ ತರಲಿ ನಾನು? ಒಂದು ದಿನ ಬಾವಿಗಿಳಿದೆ ಅಂತ ಎಲ್ಲಾ ದಿನ ಇಳಿಯೋಕಾಗುತ್ತಾ?

ಜವರ ಹೇಳಿದ, ಮೂಡ್ಲಿ, ಮೂರು ವಾರ ನಾನು ಅದನ್ನೇ ಯೋಚನೆ ಮಾಡಿದೆ. ನನಗೂ ಸರಿಯಾಗಿ ತಿಳೀಲಿಲ್ಲ. ಅವಳ ಮಾತು ನನಗೆ ಇಷ್ಟ, ಅದು ನಿನ್ನ ಮಾತೇ ಅಂತೀಯ. ಆದರೆ ಒಂದು ನೋಡು. ಅಷ್ಟು ಕತೆಯಲ್ಲಿ ಅವಳಿಗೆ ಒಂದು ಸಲವೂ ಹಸಿವಾಗಿಲ್ಲ, ಅವಳು ಎಲ್ಲೂ ಕೂತು ಒಂದು ತುತ್ತು ಉಂಡಿಲ್ಲ. ನಾನು ಉಪ್ಪು ಮಾರೋನು. ಊಟವೇ ಮಾಡದೋಳಿಗೆ ನಾನು ಏನು ತಂದುಕೊಡಲಿ?

ಆಮೇಲೆ ತಟ್ಟಿ ಸ್ವಲ್ಪ ಸರೀತು. ಮೂಡ್ಲಿ ನಗ್ತಿದ್ದಳಂತೆ, ಎರಡೂ ಹಲ್ಲು ಕಾಣೋ ಹಾಗೆ, ಕೈ ಎರಡೂ ಪಕ್ಕದಲ್ಲಿ ಸುಮ್ಮನಿದ್ದವಂತೆ. ಜವರನ ತಾಯಿ ಮಗನ ಕಿವೀಲಿ, ಹುಡುಗಿ ಲಕ್ಷಣವಾಗಿದ್ದಾಳಲ್ಲೋ, ಮೊದಲೇ ಯಾಕೋ ಹೇಳಲಿಲ್ಲ ಅಂದಳಂತೆ.

ಮದುವೆ ಆಯ್ತು. ಮುಳ್ಳೂರಿಂದ ಹೆಂಗಸರೆಲ್ಲ ಬಂದಿದ್ದರು. ಜವರ ಊರೂರಿಗೆ ಉಪ್ಪು ಮಾರೋಕೆ ಹೋಗೋನು, ಬರುವಾಗ ಹೊನ್ನಿ ಸಮಾಚಾರ ತರೋನು, ಇಂಥ ಊರಲ್ಲಿ ಹೀಗೆ ಮಾಡಿದಳಂತೆ, ಅಂಥ ಊರಲ್ಲಿ ಹಾಗಂದಳಂತೆ ಅಂತ. ಉಣ್ಣೋಕೆ ಕೂತಾಗ ಮೂಡ್ಲಿ ಕೇಳೋಳು, ಇದು ನಾನು ಕಟ್ಟಿದ್ದಲ್ಲ ಕಣೋ ಅನ್ನೋಳು. ಮತ್ತೆ ಯಾರು ಕಟ್ಟಿದ್ದು ಅನ್ನೋನು ಅವನು. ಇಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೇನೇ ಇಬ್ಬರೂ ಚೆನ್ನಾಗಿ ಬಾಳಿದರು, ಮೂರು ಮಕ್ಕಳಾದವು.

ಏನಂದೆ? ಹೊನ್ನಿ ಈಗೆಲ್ಲಿದ್ದಾಳೆ ಅಂತಲಾ? ನನ್ನನ್ನ ಕೇಳಿದರೆ ನಾನೇನು ಹೇಳಲಿ ಮಗ, ನಾನೂ ನಮ್ಮಜ್ಜೀನ ಇದನ್ನೇ ಕೇಳಿದ್ದೆ. ಅವಳು, ಗೊತ್ತಿಲ್ಲ, ಮಲಕ್ಕೋ ಅಂದಿದ್ದಳು. ಆಮೇಲೆ ನಾನು ಮಲಕ್ಕೊಂಡೆ.

ಮಗ? ಎಲ್ಲಿ, ಹೂಂ ಅನ್ನು.

ನಿದ್ದೆ ಬಂತು. ಕತೆಯೂ ಅಲ್ಲಿಗೆ ಮುಗೀತು.